ರೇಡಿಯೋ ಕೆಡಿಸುವವನು

ಕೆಟ್ಟದ್ದನ್ನು ಸರಿಮಾಡಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನೆಟ್ಟಗಿರುವುದನ್ನು ಕೆಡಿಸಿ ತಿಂಗಳು ತಿಂಗಳು ಸಂಬಳ ಎಣಿಸುವವನು ಆ ಊರಿನಲ್ಲಿ ಇವನೊಬ್ಬನೇ. ಎಲೆಕ್ಷನ್ನಿಗೆ ನಿಲ್ಲುವವರನ್ನು ಈ ಲೆಕ್ಕಕ್ಕೆ ತರಬೇಡಿ, ಅವರ ದಾರಿಯೇ ಬೇರೆ.

ತಾಂತ್ರಿಕ ಶಾಲೆಯ ರೇಡಿಯೋ ಲ್ಯಾಬಿನಲ್ಲಿ ಅವನು ಅಟೆಂಡರ್. ಬೆಳಿಗ್ಗೆ ಬಂದು ಬೀಗ ತೆಗೆಯುವುದು, ಬೆಂಚು ಒರೆಸುವುದು, ಸಂಜೆ ಸೋಲ್ಡರಿಂಗ್ ಐರನ್ನುಗಳೆಲ್ಲ ತಣ್ಣಗಾಗಿವೆಯೇ ಎಂದು ಮುಟ್ಟಿ ನೋಡಿ ಮತ್ತೆ ಬೀಗ ಹಾಕುವುದು, ಕಾಗದದ ಮೇಲೆ ಅವನ ಕೆಲಸ ಇಷ್ಟೇ. ಕಾಗದದಲ್ಲಿ ಇಲ್ಲದ ಕೆಲಸವೇ ಅವನ ನಿಜವಾದ ಕೆಲಸ. ಪ್ರಾಯೋಗಿಕ ಪರೀಕ್ಷೆ ಬಂತೆಂದರೆ ಲ್ಯಾಬಿನಲ್ಲಿರುವ ರೇಡಿಯೋಗಳಿಗೆಲ್ಲ ಒಂದೊಂದು ದೋಷ ಹಾಕಿಡಬೇಕು. ವಿದ್ಯಾರ್ಥಿಗಳು ಅದು ಯಾವ ಹಂತದಲ್ಲಿದೆ, ಯಾವ ಭಾಗದಲ್ಲಿದೆ ಎಂದು ಹುಡುಕಬೇಕು. ಈ ವಿದ್ಯೆಯಲ್ಲಿ ಅವನು ಎಷ್ಟು ಪಳಗಿದ್ದನೆಂದರೆ ಹುಡುಗರು ಅವನಿಗೆ ಕೆಡಿಸಪ್ಪ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ಈಗ ಮೇಷ್ಟ್ರೂ ಹಾಗೇ ಕರೆಯುತ್ತಾರೆ. ಅವನ ಸ್ವಂತ ಹೆಸರು ಗೊತ್ತಿರುವುದು ಸಂಬಳದ ಗುಮಾಸ್ತನಿಗೆ ಮಾತ್ರ.

ಕೆಡಿಸುವುದೇನು ಮಹಾ, ಒಂದು ತಂತಿ ಕತ್ತರಿಸಿದರೆ ಆಯಿತಲ್ಲ ಎನ್ನುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಕತ್ತರಿಸಿದ ತಂತಿ ಕುರುಡನಿಗೂ ಕಾಣುತ್ತದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದರೆ ಹೊಸ ಸೀಸ ಮಿರಮಿರ ಮಿಂಚುತ್ತದೆ. ಬುದ್ಧಿವಂತ ಹುಡುಗ ಪರೀಕ್ಷೆ ಮಾಡುವ ಗೋಜಿಗೇ ಹೋಗದೆ ಮಿಂಚುವ ಜಾಗ ಹುಡುಕಿ ಕೈ ಎತ್ತಿಬಿಡುತ್ತಾನೆ. ಅದಕ್ಕೇ ಕೆಡಿಸಪ್ಪ ಒಂದು ಬೆಸುಗೆ ಬಿಚ್ಚಿದರೆ ಅಕ್ಕಪಕ್ಕದ ಹತ್ತಾರು ಬೆಸುಗೆಗಳಿಗೂ ಬಿಸಿ ಮುಟ್ಟಿಸಿ ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತಿದ್ದ. ಮೇಲೆ ಫ್ಯಾನಿನ ರೆಕ್ಕೆಯಿಂದ ತೆಗೆದ ಧೂಳನ್ನು ಚಿಟಿಕೆಯಷ್ಟು ಉದುರಿಸುತ್ತಿದ್ದ. ಹೊಸ ದೋಷಕ್ಕೆ ಹಳೇ ಧೂಳು. ಆದರೆ ಅವನಿಗೂ ಒಂದು ನಿಯತ್ತು ಇತ್ತು. ಯಾವ ಭಾಗವನ್ನೂ ಸುಡುತ್ತಿರಲಿಲ್ಲ, ಯಾವ ಕಾಯಿಲನ್ನೂ ಮುರಿಯುತ್ತಿರಲಿಲ್ಲ. ಯೋಚಿಸುವವನಿಗೆ ಸಿಗಬೇಕು, ಊಹೆ ಹೊಡೆಯುವವನಿಗೆ ಸಿಗಬಾರದು, ಅಂಥ ದೋಷವೇ ದೋಷ ಎನ್ನುತ್ತಿದ್ದ.

ಮೇಷ್ಟ್ರು ತಡವಾಗಿ ಬರುವ ದಿನ ಹೊಸ ವಿದ್ಯಾರ್ಥಿಗಳಿಗೆ ಅವನೇ ಪಾಠ ಶುರುಮಾಡುತ್ತಿದ್ದುದೂ ಉಂಟು. ರೇಡಿಯೋದ ಏರಿಯಲ್ ತಂತಿಗೆ ಬಂದು ಬೀಳುವ ಸಿಗ್ನಲ್ ಎಷ್ಟು ಸಣ್ಣದೆಂದರೆ ಸೊಳ್ಳೆ ಆಕಳಿಸಿದಷ್ಟು, ಅದನ್ನು ಬೀದಿಗೆ ಕೇಳಿಸುವಷ್ಟು ಮಾಡಬೇಕು, ಒಬ್ಬನಿಂದ ಆಗುವ ಕೆಲಸವಲ್ಲ ಎನ್ನುತ್ತಿದ್ದ. ಅದಕ್ಕೇ ಸಾಲಾಗಿ ಜನ ನಿಂತಿದ್ದಾರೆ ಅಂದುಕೊಳ್ಳಿ, ಒಬ್ಬೊಬ್ಬನೂ ಒಂದೊಂದು ಹಂತ. ಮೊದಲನೆಯವನು ನಿಮಗೆ ಬೇಕಾದ ಸ್ಟೇಷನ್ನನ್ನು ಹಿಡಿದು, ಅದು ಯಾವ ಸ್ಟೇಷನ್ನಾದರೂ ಸರಿ, ಎಲ್ಲವನ್ನೂ ಒಂದೇ ಅಳತೆಗೆ ತಂದು ಮುಂದಿನವನ ಕಿವಿಯಲ್ಲಿ ಪಿಸುಗುಡುತ್ತಾನೆ. ಅವನಾದ ಮೇಲೆ ಐ.ಎಫ್. ಎನ್ನುವ ಇಬ್ಬರು ಅಣ್ಣತಮ್ಮಂದಿರು. ಅವರಿಗೆ ಆ ಒಂದು ಅಳತೆ ಬಿಟ್ಟರೆ ಬೇರೇನೂ ಕೇಳಿಸದು, ಆದರೆ ಅದನ್ನು ಮಾತ್ರ ಒಬ್ಬನಿಗಿಂತ ಒಬ್ಬ ಜೋರಾಗಿ ಹೇಳುತ್ತಾರೆ. ಆಮೇಲೆ ಡಿಟೆಕ್ಟರು ಜೊಳ್ಳು ತೂರಿ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಕೊನೆಗೆ ಆಡಿಯೋದವರು ಇಬ್ಬರು. ಒಬ್ಬ ಗಟ್ಟಿಯಾಗಿ ಹೇಳುವವನು, ಇನ್ನೊಬ್ಬ ಕೂಗುವವನು. ನಡುವೆ ಒಬ್ಬ ಬಾಯಿ ಮುಚ್ಚಿದರೂ ಬೀದಿಗೆ ಏನೂ ಕೇಳಿಸದು.

ಹಾಗಾದರೆ ಬಾಯಿ ಮುಚ್ಚಿದವನು ಯಾರೆಂದು ತಿಳಿಯುವುದು ಹೇಗೆ? ಮೊದಲನೆಯವನಿಂದ ಕೇಳುತ್ತಾ ಬಂದರೆ ಕೆಲಸ ಕೆಟ್ಟಿತು, ಏಕೆಂದರೆ ಅವನು ಸರಿಯಾಗಿ ಹೇಳಿದರೂ ಅದು ನಿಮ್ಮವರೆಗೆ ಮುಟ್ಟುವ ದಾರಿ ಮುಚ್ಚಿರುತ್ತದೆ. ಕೊನೆಯವನಿಂದ ಹಿಂದಕ್ಕೆ ಹೋಗಬೇಕು. ಸಿಗ್ನಲ್ ಜನರೇಟರೆಂದು, ತಾನೇ ಸಿಗ್ನಲ್ ಹುಟ್ಟಿಸುವ ಪೆಟ್ಟಿಗೆ ಒಂದಿದೆ, ಅದರ ತಂತಿಯನ್ನು ಕೊನೆಯ ಹಂತಕ್ಕೆ ಮುಟ್ಟಿಸಿ. ಸ್ಪೀಕರು ಕುಂಯ್ ಎಂದರೆ ಅವನು ಸರಿ. ಅವನ ಹಿಂದಿನವನಿಗೆ ಮುಟ್ಟಿಸಿ. ಇನ್ನೂ ಜೋರಾಗಿ ಕುಂಯ್ ಎನ್ನಬೇಕು, ಯಾಕೆಂದರೆ ಈಗ ಕೂಗುವವರು ಇಬ್ಬರು. ಎಲ್ಲಿ ಸದ್ದು ಏರಬೇಕಾದ ಕಡೆ ಏರುವುದಿಲ್ಲವೋ ಅಲ್ಲಿ ನಿಲ್ಲಿ. ಅಲ್ಲೇ ಕೆಡಿಸಪ್ಪನ ಕೈ ಆಡಿದೆ.

ಇಷ್ಟೆಲ್ಲ ಹೇಳುವವನ ಮನೆಯಲ್ಲಿ ಮಾತ್ರ ದೀಪದ ಬುಡದಲ್ಲಿ ಕತ್ತಲೆ. ಗೂಡಿನಲ್ಲಿಟ್ಟ ರೇಡಿಯೋ ಮೂಕವಾಗಿ ಎಷ್ಟೋ ಕಾಲವಾಗಿತ್ತು. ಹೆಂಡತಿ ಕೇಳಿ ಕೇಳಿ ಸಾಕಾಗಿ ಒಂದು ದಿನ ಖಡಾಖಂಡಿತವಾಗಿ ಕೇಳಿದಾಗ, ಕೆಡಿಸುವುದು ನನ್ನ ಕೆಲಸ, ಸರಿಮಾಡುವುದು ಬೇರೆಯವರದು ಎಂದು ಅವನು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳ ನಿರ್ಧಾರವೂ ಮುಗಿದಿತ್ತು. ಮರುವಾರ ಅದೇ ಶಾಲೆಯ ಸಂಜೆ ತರಗತಿಗೆ ಸೇರಿದಳು.

ಅವಳಿಗೆ ಇದು ಬರಿಯ ಹಟವಾಗಿರಲಿಲ್ಲ. ಅವಳ ತಮ್ಮನಿಗೆ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿಯಿತ್ತು. ಅಲ್ಲಿ ಕೂತು ಎಷ್ಟೋ ಸಂಜೆ ಧೂಳು ಹಿಡಿದ ಸೆಟ್ಟುಗಳನ್ನು ಒರೆಸಿಕೊಟ್ಟಿದ್ದಳು, ಮುರಿದ ನಾಬುಗಳನ್ನು ಅಂಟಿಸಿಕೊಟ್ಟಿದ್ದಳು. ಕಿಟಕಿಯ ಪಕ್ಕದ ಬೆಂಚಿನ ಮೆಕ್ಯಾನಿಕ್ಕು ಬೇರೆ ಕಡೆ ಹೋದ ಮೇಲೆ ಆ ಬೆಂಚು ಖಾಲಿಯಿತ್ತು. ಅದರ ಮೇಲೆ ಅವಳ ಕಣ್ಣು ಬಿದ್ದಿತ್ತು. ಜೀವನದಲ್ಲಿ ಅವಳು ತನಗಾಗಿ ಆಸೆಪಟ್ಟ ವಸ್ತುಗಳು ಕಡಿಮೆ. ಇದೊಂದನ್ನು ಬಾಯಿಬಿಟ್ಟು ಕೇಳಿದಳು. ಸರ್ಟಿಫಿಕೇಟು ತಾ ಅಕ್ಕಾ, ಬೆಂಚು ನಿನ್ನದೇ ಎಂದು ತಮ್ಮ ಮಾತು ಕೊಟ್ಟ.

ಸಂಜೆ ತರಗತಿಯಲ್ಲಿದ್ದವರೆಲ್ಲ ಹಗಲು ದುಡಿದು ಬರುವ ಗಂಡಸರು. ಲೇತ್ ಮೆಷಿನ್ನಿನವನೊಬ್ಬ, ಬಸ್ ಡಿಪೋದ ಎಲೆಕ್ಟ್ರಿಷಿಯನ್ನೊಬ್ಬ, ಸಿನೆಮಾ ಟಾಕೀಸಿನ ಆಪರೇಟರೊಬ್ಬ, ಹೀಗೆ. ಹೆಂಗಸೆಂದರೆ ಇವಳೊಬ್ಬಳೇ. ಮೊದಲ ದಿನ ಅವರು ಅವಳಿಗೆ ಮುಂದಿನ ಬೆಂಚು ಬಿಟ್ಟುಕೊಟ್ಟು ಮರ್ಯಾದೆ ತೋರಿಸಿದರು. ಎರಡನೆಯ ತಿಂಗಳಿಗೆ ಅವಳ ಟಿಪ್ಪಣಿಗಳನ್ನು ಬೇಡತೊಡಗಿದರು.

ಅವಳು ಕಲಿತದ್ದು ಹೆಚ್ಚಾಗಿ ಮನೆಯಲ್ಲೇ. ಗೂಡಿನ ರೇಡಿಯೋವನ್ನು ಮೊದಲು ತಾನೇ ಸರಿಮಾಡಿಕೊಂಡಳು. ಆಮೇಲೆ ಗಂಡನಿಗೆ ಒಂದು ಷರತ್ತು ಹಾಕಿದಳು. ದಿನಾ ಕೆಲಸಕ್ಕೆ ಹೋಗುವ ಮುಂಚೆ ಅವನು ಅದನ್ನು ಕೆಡಿಸಬೇಕು, ಅವನು ಬರುವಷ್ಟರಲ್ಲಿ ಅವಳು ಸರಿಮಾಡಬೇಕು. ಬೇರೆ ಗಂಡಂದಿರು ಹೆಂಡತಿಗೆ ಹೂವು ತಂದುಕೊಟ್ಟರೆ ಇವನು ಬೆಳಬೆಳಿಗ್ಗೆ ಒಂದು ದೋಷ ಕೊಟ್ಟು ಹೋಗುತ್ತಿದ್ದ. ಸಂಜೆ ಬೀದಿಯ ತಿರುವಿನಲ್ಲೇ ರೇಡಿಯೋ ಕೇಳಿಸಿದರೆ ಅವಳು ಗೆದ್ದಳೆಂದು ಅರ್ಥ. ಕೇಳಿಸದಿದ್ದರೆ ಇವನು ಮೀಸೆಯಡಿಯಲ್ಲಿ ನಗುತ್ತಾ ಬಂದು, ಅವಳ ಮುಖ ನೋಡಿ ನಗು ನುಂಗಿ, ತಾನೇ ಟೀಗೆ ನೀರಿಡುತ್ತಿದ್ದ. ಬರಬರುತ್ತಾ ಅವನು ಟೀ ಮಾಡುವ ದಿನಗಳು ಕಡಿಮೆಯಾದವು. ಕಾಲೇಜಿಗೆ ಹೋಗುವ ಮಗಳು, ಎಲ್ಲರ ಮನೆಯಲ್ಲಿ ಅಪ್ಪ ಅಮ್ಮ ಬಾಯಲ್ಲಿ ಜಗಳವಾಡುತ್ತಾರೆ, ನಮ್ಮನೆಯಲ್ಲಿ ಸ್ಕ್ರೂಡ್ರೈವರಿನಲ್ಲಿ ಆಡುತ್ತಾರೆ ಎಂದು ಗೆಳತಿಯರಿಗೆ ಹೇಳಿಕೊಂಡು ಬಂದಳು.

ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಈ ಆಟ ನಿಂತಿತು. ನಿಲ್ಲಿಸಿದವಳು ಅವಳೇ. ಅವನೂ ಬಾಯಿಗೆ ಬೀಗ ಹಾಕಿಕೊಂಡ. ರೇಡಿಯೋದ ಸುದ್ದಿಯೇ ಬೇಡವೆಂದು ಇಬ್ಬರೂ ಪಣ ತೊಟ್ಟ ಮೇಲೆ ಮನೆಯಲ್ಲಿ ಮಾತಾಡಲು ಎಷ್ಟು ಕಡಿಮೆ ವಿಷಯಗಳಿವೆ ಎಂದು ಆಗ ಗೊತ್ತಾಯಿತು. ಒಂದು ದಿನ ಅವನು ಅಭ್ಯಾಸಬಲದಿಂದ, ಟೀ ಯಾಕೋ ವೀಕು ಎನ್ನಲು ಹೋಗಿ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ವೀಕು ಎನ್ನುವುದೂ ಒಂದು ದೋಷದ ಲಕ್ಷಣವಲ್ಲವೇ, ಅವಳು ಸುಳಿವೆಂದು ತಿಳಿದರೆ ಗತಿಯೇನು. ನಿದ್ದೆಯಲ್ಲಿ ಗೊಣಗುತ್ತೀ ಎಂದು ಮಗಳು ಹೇಳಿದ್ದೇ ತಡ, ಚಾಪೆ ದಿಂಬು ಎತ್ತಿಕೊಂಡು ಹೊರಗಿನ ಕೋಣೆ ಸೇರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಕುಂಬಳಕಾಯಿ ಕದಿಯುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಸ್ವಭಾವ ಅವನದು.

ಇಷ್ಟು ಮಾಡಿದರೂ ಮಾತು ಹುಟ್ಟುವುದು ತಪ್ಪಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೇ. ಅಕ್ಕೋರಿಗೇನ್ರಿ ಚಿಂತೆ, ಅವರು ಸಂಸಾರ ಮಾಡ್ತಿರೋದೇ ಪ್ರಶ್ನೆಪತ್ರಿಕೆ ಜೊತೆ ಎಂದು ಲೇತಿನವನು ಒಂದು ಸಂಜೆ ಹೇಳಿದ. ತಮಾಷೆಗೇ ಹೇಳಿದ್ದು. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಒಳ್ಳೆಯ ಗಂಟಲಿತ್ತು ಅಷ್ಟೇ. ಮಾತು ಚೆನ್ನಾಗಿದ್ದುದರಿಂದ ಡಿಪೋಗೆ ಹೋಯಿತು, ಡಿಪೋದಿಂದ ಬಸ್‌ಸ್ಟ್ಯಾಂಡಿಗೆ ಬಂತು, ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಗೂ ಬಂತು. ಅಲ್ಲಿಗೆ ಬರುವಷ್ಟರಲ್ಲಿ ತಮಾಷೆಯ ಭಾಗ ಸೋರಿಹೋಗಿತ್ತು.

ಅವಳ ತಮ್ಮ ಮನೆಗೆ ಬಂದ. ಕೊಟ್ಟ ನೀರನ್ನು ಕುಡಿಯದೆ ಲೋಟ ತಿರುಗಿಸುತ್ತಾ ಕೂತ. ಆಮೇಲೆ ಹೇಳಿದ.

"ಅಕ್ಕಾ, ತಪ್ಪು ತಿಳ್ಕೋಬೇಡ. ಭಾವ ಹೇಳಿಕೊಟ್ಟು ಪಾಸ್ ಮಾಡಿಸಿದ್ರು ಅನ್ನೋ ಮಾತು ಅಂಗಡಿಗೆ ಅಂಟಿಕೊಂಡ್ರೆ ಗಿರಾಕಿಗಳು ನನ್ನ ಹತ್ರ ಸೆಟ್ ರಿಪೇರಿಗೆ ಕೊಡಲ್ಲ. ಮುಂದಿನ ವರ್ಷ ಬೇರೆ ಕಡೆ ಪರೀಕ್ಷೆಗೆ ಕಟ್ಟು. ಅಲ್ಲೀವರೆಗೂ ಬೆಂಚು ಖಾಲಿ ಇಟ್ಟಿರ್ತೀನಿ."

"ಈ ವರ್ಷ, ಇಲ್ಲೇ ಬರೀತೀನಿ," ಎಂದಳು ಅಕ್ಕ. "ಅಂಥ ಮಾತು ಬಂದ್ರೆ ಬೆಂಚು ಬೇರೆಯವರಿಗೆ ಕೊಡು."

ಕೆಡಿಸಪ್ಪ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡ. ಮರುದಿನವೇ ಹೋಗಿ, ಈ ಸಲ ಬೇರೆ ಯಾರಾದರೂ ಸೆಟ್ಟು ಕೆಡಿಸಲಿ ಎಂದು ಮೇಷ್ಟ್ರಿಗೆ ಕೈಮುಗಿದ. ಬೇರೆಯವರು ಕೆಡಿಸಿದರೆ ಪರೀಕ್ಷೆಯಾದ ಮೇಲೆ ನಾನು ಹೊಸ ಸೆಟ್ಟು ತರಿಸಬೇಕಾಗುತ್ತದೆ ಎಂದು ಮೇಷ್ಟ್ರು ನಕ್ಕರು. ಯಾವ ಸೆಟ್ಟು ಯಾರಿಗೆಂದು ಚೀಟಿ ಎತ್ತಿಸೋಣ, ಅಷ್ಟು ಸಾಕು ಎಂದರು. ಅಷ್ಟು ಸಾಲದೆಂದು ಅವನಿಗೆ ಗೊತ್ತಿತ್ತು. ಎಲ್ಲ ಸೆಟ್ಟುಗಳ ಗುಟ್ಟೂ ಅವನ ತಲೆಯಲ್ಲೇ ಇರುವಾಗ ಯಾವ ಚೀಟಿ ಬಂದರೇನು. ಅವಳು ಫೇಲಾದರೆ ಬೆಂಚು ಹೋಯಿತು. ಪಾಸಾದರೆ ಹೆಸರು ಹೋಯಿತು, ಹೆಸರಿನ ಜೊತೆಗೆ ಬೆಂಚೂ ಹೋಯಿತು. ಅತ್ತ ದರಿ, ಇತ್ತ ಪುಲಿ. ಇದಕ್ಕೆಲ್ಲ ತಾನೇ ಕಾರಣ ಎಂಬ ಸಂಕಟ ಅವನನ್ನು ಒಳಗೊಳಗೇ ತಿಂದಿತು. ಅವಳು ಆ ಬೆಂಚಿನಲ್ಲಿ ಕೂತುಕೊಳ್ಳುವುದನ್ನು ನೋಡಬೇಕೆಂದು ಅವನಿಗೂ ಆಸೆಯಿತ್ತು. ಆದರೆ ಅದನ್ನು ಅವಳಿಗೆ ಹೇಳುವಂತೆಯೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಲ್ಯಾಬಿನ ಬಾಗಿಲು ಹಾಕಿಕೊಂಡು ಕೆಡಿಸಲು ಕೂತ. ಕೆಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಸೆಟ್ಟು ಹಾಕಿ, ಕೊನೆಯ ಹಂತದಿಂದ ಮೊದಲ ಹಂತದವರೆಗೂ ಜನರೇಟರು ಮುಟ್ಟಿಸಿ, ಎಲ್ಲ ನೆಟ್ಟಗಿದೆಯೇ ಎಂದು ನೋಡಬೇಕು. ಆಮೇಲಷ್ಟೇ ಕೈಹಚ್ಚಬೇಕು. ಇಲ್ಲದಿದ್ದರೆ ಅವನು ಹಾಕಿದ ದೋಷದ ಜೊತೆಗೆ ಅದರದೇ ಇನ್ನೊಂದು ದೋಷ ಸೇರಿ, ಹುಡುಕುವ ಬಡಪಾಯಿ ನಡುನೀರಿನಲ್ಲಿ ಸಿಕ್ಕಿಬೀಳುತ್ತಾನೆ. ಒಳ್ಳೆಯದೆಂದು ಖಾತ್ರಿಯಾಗದ ಸೆಟ್ಟನ್ನು ಅವನು ಅಲ್ಲಿಯವರೆಗೆ ಎಂದೂ ಕೆಡಿಸಿರಲಿಲ್ಲ.

ಅಂದು ಅವನ ಮನಸ್ಸು ಕೈಯಲ್ಲಿರಲಿಲ್ಲ. ಹೆಂಡತಿಗೆ ಸಲೀಸು ಮಾಡಿಕೊಟ್ಟ ಎಂಬ ಮಾತು ಬರಬಾರದೆಂದು ಒಂದೊಂದು ದೋಷವನ್ನೂ ಒಂದು ಹಿಡಿ ಹೆಚ್ಚೇ ಕಠಿಣ ಮಾಡಿದ. ಅವಳ ದೆಸೆಯಿಂದ ಇಡೀ ತರಗತಿಗೆ ಗ್ರಹಚಾರ ಕಾದಿತ್ತು. ಕೊನೆಗೆ ಉಳಿದದ್ದು ಲ್ಯಾಬಿನಲ್ಲೇ ಹಳೆಯ ಸೆಟ್ಟು. ಮರದ ಪೆಟ್ಟಿಗೆ, ಬಣ್ಣಗೆಟ್ಟ ಬಟ್ಟೆಯ ಮುಖ. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಹೊಸ ಸೆಟ್ಟುಗಳು ವರ್ಷಕ್ಕೊಮ್ಮೆ ಮುಲುಗಿದರೂ ಅಜ್ಜಿ ಎಂದೂ ಕೆಮ್ಮಿದವಳಲ್ಲ. ಅಜ್ಜಿಯನ್ನೇನು ಪರೀಕ್ಷೆ ಮಾಡುವುದು ಎಂದುಕೊಂಡು ಹಾಗೇ ಬೋರಲು ಹಾಕಿದ. ಎರಡನೆಯ ಐ.ಎಫ್. ಹಂತದಲ್ಲಿ, ಟ್ರಾನ್ಸಿಸ್ಟರಿನ ಎಮಿಟರ್ ಎನ್ನುವ ಕಾಲಿನ ಬಳಿ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಒಂದು ಕಾಲನ್ನು ಕೂದಲೆಳೆಯಷ್ಟು ಎತ್ತಿದ. ಇದು ಅವನ ಬತ್ತಳಿಕೆಯಲ್ಲೇ ಅತಿ ಕೆಟ್ಟ ಬಾಣ. ಆ ಕೆಪಾಸಿಟರ್ ಇಲ್ಲದಿದ್ದರೆ ಹಂತದ ಶಕ್ತಿ ಕುಸಿಯುತ್ತದೆ, ಆದರೆ ಮೀಟರು ಇಟ್ಟು ನೋಡಿದರೆ ವೋಲ್ಟೇಜುಗಳೆಲ್ಲ ಸರಿಯಾಗಿಯೇ ತೋರಿಸುತ್ತವೆ. ಮೀಟರನ್ನೇ ನಂಬಿದವರು ಮುಳುಗುತ್ತಾರೆ. ಧೂಳು ಉದುರಿಸಿ, ಪೆಟ್ಟಿಗೆ ಮುಚ್ಚಿ, ಮನೆಗೆ ಹೋದ.

ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಮೈಯ, ಸಡಿಲ ನಗೆಯ ಮನುಷ್ಯ. ಬೆಳಿಗ್ಗೆ ವರಾಂಡದಲ್ಲಿ ಕೆಡಿಸಪ್ಪ ಒಂದೊಂದು ಸೆಟ್ಟಿಗೆ ಏನು ಮಾಡಿದ್ದೇನೆಂದು ಅವರ ಕಿವಿಗೆ ಹಾಕಿದ. ಅವರು ಅಜ್ಜಿಯ ಸುದ್ದಿ ಕೇಳಿ, ಪಾಪ ಅದು ಯಾರ ಹಣೆಯಲ್ಲಿ ಬರೆದಿದೆಯೋ ಎಂದರು. ಒಳಗೆ ಹೋಗಿ ಚೀಟಿ ಎತ್ತಿಸಿದರು. ಹಣೆ ಅವನ ಹೆಂಡತಿಯದೇ ಆಗಿತ್ತು.

ಅವನು ಗೋಡೆಗೆ ಒರಗಿ ನಿಂತ. ಎಲ್ಲರೂ ಕೆಲಸ ಶುರುಮಾಡಿದರು. ಅಷ್ಟೂ ಬೆಂಚುಗಳಿಂದ ಕುಂಯ್ ಕುಂಯ್ ಸದ್ದೆದ್ದು ಲ್ಯಾಬು ಜೇನುಗೂಡಾಯಿತು. ಸರಿಯಾಗಿ ಆ ಹೊತ್ತಿಗೆ ಅವನ ಗಂಟಲಿನಲ್ಲಿ ಕೆರೆತ ಹತ್ತಿತು. ಕೆಮ್ಮಿದರೆ ಕೆಟ್ಟೆ. ಒಂದು ಸಲ ಕೆಮ್ಮಿದರೆ ಮೊದಲನೇ ಹಂತ, ಎರಡು ಸಲ ಕೆಮ್ಮಿದರೆ ಎರಡನೇ ಹಂತ ಎಂದು ಲೇತಿನವನು ಬಸ್‌ಸ್ಟ್ಯಾಂಡಿನವರೆಗೂ ಸಾರುತ್ತಾನೆ. ಕಣ್ಣಲ್ಲಿ ನೀರು ಬರುವವರೆಗೂ ತಡೆದು, ಕೊನೆಗೆ ಹೊರಗೋಡಿ ನಲ್ಲಿಯ ಹತ್ತಿರ ಹೊಟ್ಟೆತುಂಬ ಕೆಮ್ಮಿ ಬಂದ.

ಬಂದು ನೋಡುತ್ತಾನೆ, ಅವಳು ಆಡಿಯೋ ಭಾಗದಲ್ಲೇ ನಿಂತುಬಿಟ್ಟಿದ್ದಾಳೆ. ಜನರೇಟರಿನ ತುದಿಯನ್ನು ಆಡಿಯೋದ ಮೊದಲ ಟ್ರಾನ್ಸಿಸ್ಟರಿಗೆ ಮುಟ್ಟಿಸುತ್ತಾಳೆ, ಸದ್ದು ಗಟ್ಟಿಯಾಗಿ ಬರುತ್ತದೆ. ಅಲ್ಲಿಂದ ಒಂದೇ ಹೆಜ್ಜೆ ಹಿಂದೆ, ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಮುಟ್ಟಿಸುತ್ತಾಳೆ, ಸದ್ದು ಕುಗ್ಗುತ್ತದೆ. ಮತ್ತೆ ಅಲ್ಲಿ, ಮತ್ತೆ ಇಲ್ಲಿ. ಅವನಿಗೆ ಜೀವ ಹಾರಿಹೋಯಿತು. ಆ ಕಡೆ ಏನೂ ಇಲ್ಲವಲ್ಲ, ಇವಳು ಯಾಕೆ ಅಲ್ಲಿ ಬಿದ್ದಿದ್ದಾಳೆ, ತಂತಿ ಸರಿಯಾಗಿ ಮುಟ್ಟುತ್ತಿಲ್ಲವೋ ಏನೋ, ಗಾಬರಿಗೆ ದಾರಿ ತಪ್ಪಿತೋ ಏನೋ. ಗಾಬರಿಯಿದ್ದದ್ದು ಇವನಿಗೆ, ಅವಳಿಗಲ್ಲ.

ಆ ಎರಡು ಜಾಗಗಳ ನಡುವೆ ಇರುವುದು ಒಂದೇ ಕೆಪಾಸಿಟರ್. ವಾಲ್ಯೂಮಿನಿಂದ ಬಂದ ಮಾತನ್ನು ಟ್ರಾನ್ಸಿಸ್ಟರಿಗೆ ದಾಟಿಸುವುದು ಅದರ ಕೆಲಸ. ಅವಳು ಬೆಂಚಿನ ಮೇಲಿನ ಬಿಡಿಭಾಗಗಳ ತಟ್ಟೆಯಿಂದ ಅದೇ ಅಳತೆಯ ಒಳ್ಳೆಯ ಕೆಪಾಸಿಟರೊಂದನ್ನು ತೆಗೆದು ಅದರ ಎರಡು ಕಾಲುಗಳಿಗೂ ಅಡ್ಡಲಾಗಿ ಹಿಡಿದಳು. ಕುಗ್ಗಿದ್ದ ಸದ್ದು ತುಂಬಿಕೊಂಡು ಬಂತು.

ಅಜ್ಜಿಯನ್ನು ಹಾಕಿ ನೋಡದೆ ಕೆಡಿಸಿದ್ದು ಆಗ ನೆನಪಾಯಿತು. ವಯಸ್ಸಾದ ಜೀವ, ಕೆಪಾಸಿಟರ್ ಯಾವಾಗಲೋ ಒಳಗೇ ಒಣಗಿತ್ತು. ಸೆಟ್ಟಿನಲ್ಲಿ ಈಗ ಎರಡು ದೋಷ. ಪರೀಕ್ಷಕರಿಗೆ ಗೊತ್ತಿರುವುದು ಒಂದು. ಪರೀಕ್ಷೆಯಲ್ಲಿ ಒಂದು ಸೆಟ್ಟಿಗೆ ಒಂದೇ ದೋಷವೆಂದು ಎಲ್ಲರಿಗೂ ಗೊತ್ತು, ಸಿಕ್ಕಿದ ಕೂಡಲೇ ಕೈ ಎತ್ತುತ್ತಾರೆ. ಅವಳು ಈಗ ಕೈ ಎತ್ತಿ ಆಡಿಯೋ ಎಂದರೆ ಪರೀಕ್ಷಕರು ತಪ್ಪು ಎನ್ನುತ್ತಾರೆ. ಒಳ್ಳೆಯ ಭಾಗವನ್ನು ಕೆಟ್ಟಿದೆ ಎನ್ನುವುದು ಆ ಪರೀಕ್ಷೆಯಲ್ಲಿ ಅತಿ ದೊಡ್ಡ ತಪ್ಪು, ಅದಕ್ಕೆ ಕ್ಷಮೆಯಿಲ್ಲ. ತಾನು ಬಾಯಿಬಿಟ್ಟರೆ ಹೆಂಡತಿಗೆ ಸುಳಿವು ಕೊಟ್ಟಂತೆ. ನುಂಗಲಾರದ, ಉಗುಳಲಾರದ ಬಿಸಿ ತುಪ್ಪ.

ಅವಳ ಕೈ ಅರ್ಧಕ್ಕೆ ಏರಿತು. ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ಕೈ ಕೆಳಗಿಳಿದಿತ್ತು. ಅವಳು ಆ ಹಳೇ ಕೆಪಾಸಿಟರಿಗೆ ಮುಖ ತಾಗುವಷ್ಟು ಬಗ್ಗಿ, ಅದರ ತುದಿಯನ್ನು ಉಗುರಿನಿಂದ ಕೆರೆದು, ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಮೇಲೆ ನೆಟ್ಟಗೆ ಕೂತು ಒಳ್ಳೆಯ ಕೆಪಾಸಿಟರನ್ನು ಅಲ್ಲೇ ಬೆಸೆದು, ಜನರೇಟರಿನ ಗುಂಡಿಯನ್ನು ಐ.ಎಫ್. ಕಡೆಗೆ ತಿರುಗಿಸಿ, ಇನ್ನೂ ಹಿಂದಕ್ಕೆ ಹೊರಟಳು. ಸುತ್ತಮುತ್ತ ಒಬ್ಬೊಬ್ಬರೇ ಕೈ ಎತ್ತುತ್ತಿದ್ದರು. ಲೇತಿನವನು ಎದ್ದು ಬೆವರು ಒರೆಸಿಕೊಳ್ಳುತ್ತಿದ್ದ.

ಎರಡನೆಯ ಐ.ಎಫ್. ಟ್ರಾನ್ಸಿಸ್ಟರಿನ ಹೊರಬಾಗಿಲಿಗೆ ಮುಟ್ಟಿಸಿದಳು. ಸದ್ದು ಬಂತು. ಒಳಬಾಗಿಲಿಗೆ ಮುಟ್ಟಿಸಿದಳು. ಜೋರಾಗಬೇಕಿತ್ತು, ಆಗಲಿಲ್ಲ. ಮೀಟರು ತೆಗೆದುಕೊಂಡು ವೋಲ್ಟೇಜುಗಳನ್ನು ನೋಡಿದಳು, ಎಲ್ಲ ಸರಿ. ಮೀಟರನ್ನು ಪಕ್ಕಕ್ಕಿಟ್ಟಳು. ಅದನ್ನು ಪಕ್ಕಕ್ಕಿಟ್ಟ ರೀತಿ ನೋಡಿಯೇ ಅವನಿಗೆ ಹೋದ ಜೀವ ಬಂದಂತಾಯಿತು. ಪುಟ್ಟ ಕೆಪಾಸಿಟರೊಂದನ್ನು ಎಮಿಟರಿನ ಬಳಿ ಅಡ್ಡ ಹಿಡಿದಳೋ ಇಲ್ಲವೋ, ಅಜ್ಜಿ ಕಿರುಚಿದ ಸದ್ದಿಗೆ ಪರೀಕ್ಷಕರು ಬೆಚ್ಚಿ ತಿರುಗಿದರು. ಅವಳು ಜನರೇಟರು ಕಿತ್ತು ಸ್ಟೇಷನ್ ಹಚ್ಚಿದಳು. ಯಾರೋ ಹವಾಮಾನ ವರದಿ ಓದುತ್ತಿದ್ದವನ ಮಾತು ಪಕ್ಕದಲ್ಲೇ ಕೂತು ಓದಿದಷ್ಟು ಸ್ಪಷ್ಟವಾಗಿ ಬಂತು. ಆಗ ಕೈ ಎತ್ತಿದಳು.

"ಎರಡಿದೆ ಸಾರ್," ಎಂದಳು.

ಪರೀಕ್ಷಕರು ಎರಡನೆಯ ಐ.ಎಫ್. ಉತ್ತರಕ್ಕೆ ತಲೆಯಾಡಿಸಿದರು. ವಾಲ್ಯೂಮಿನ ಹತ್ತಿರದ ಕೆಪಾಸಿಟರ್ ಎಂದಾಗ ಅವರ ನಗು ಮಾಯವಾಯಿತು. ಇರುವುದು ಒಂದೇ ತಾಯಿ, ಇನ್ನೊಂದು ಒಳ್ಳೆಯ ಭಾಗ, ಒಳ್ಳೆಯದನ್ನು ಕೆಟ್ಟದ್ದು ಅಂದರೆ ನಾನು ಅಂಕ ಕೊಡುವಂತಿಲ್ಲ ಎಂದು ಬೇಸರದಿಂದಲೇ ಹೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ, ಮನೆಯಲ್ಲಿ ಹೇಳಿದ್ದು ಒಂದು, ಇವರು ಸೇರಿಸಿದ್ದು ಒಂದು ಎಂದರು. ಕಿಸಕ್ಕೆಂದು ನಗು ಕೇಳಿತು.

ಅವಳು ಅತ್ತ ತಿರುಗಿ ನೋಡಲಿಲ್ಲ.

"ಮೊದಲನೇದು ಇವರು ಮಾಡಿದ್ದಲ್ಲ ಸಾರ್," ಎಂದಳು ಗೋಡೆಗೆ ಒರಗಿದ್ದ ಗಂಡನ ಕಡೆಗೆ ಗದ್ದ ಚಾಚಿ. "ಇವರು ಬೆಸುಗೆ ಬಿಚ್ಚುತ್ತಾರೆ, ಕಾಲೆತ್ತುತ್ತಾರೆ. ಇಲ್ಲಿ ಐರನ್ ಮುಟ್ಟೇ ಇಲ್ಲ, ಇದು ತಾನಾಗಿ ಒಣಗಿ ಸತ್ತಿದೆ. ಹಾಗಾದ್ರೆ ಇವರದು ಇನ್ನೂ ಒಳಗಿರಲೇಬೇಕಲ್ಲ ಅಂತ ಹುಡುಕ್ತಾ ಹೋದೆ."

ಎಲ್ಲರ ಕಣ್ಣೂ ಗೋಡೆಯ ಕಡೆಗೆ ಹೊರಳಿತು. ನೋಡದೆ ಸೆಟ್ಟು ಕೆಡಿಸುವವನಲ್ಲ ಎಂದು ಅವನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರೊಂದಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಅವಳು ಮುಳುಗುತ್ತಾಳೆ. ಯೋಚಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹೌದು ಸಾರ್. ಅಜ್ಜಿನ ನಾನು ಹಾಕಿ ನೋಡದೇನೇ ಕೆಡಿಸಿಬಿಟ್ಟೆ. ಆ ಕೆಪಾಸಿಟರ್ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ," ಎಂದ. ಹೇಳುವಾಗ ಕಿವಿಯ ತುದಿ ಕೆಂಪಾಗಿ ಬಿಸಿಯಾದದ್ದು ಅವನಿಗೇ ಗೊತ್ತಾಯಿತು.

ಪರೀಕ್ಷಕರು ಅಜ್ಜಿಯ ಮುಂದೆ ಕೂತರು. ಅವಳು ಬೆಸೆದದ್ದನ್ನು ಬಿಚ್ಚಿ, ಜನರೇಟರು ಹಿಡಿದು, ಕೆಪಾಸಿಟರಿನ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮುಟ್ಟಿಸಿದರು. ಒಂದು ಕಡೆ ಗಟ್ಟಿ, ಒಂದು ಕಡೆ ಪೀಚು. ಒಳ್ಳೆಯದನ್ನು ಅಡ್ಡ ಹಿಡಿದರು. ಎರಡೂ ಕಡೆ ಗಟ್ಟಿ. ತಲೆಯೆತ್ತಿದಾಗ ಅವರ ಮುಖದಲ್ಲಿ ಮತ್ತೆ ನಗುವಿತ್ತು. ಆಗ ಬಾಯಿಬಿಟ್ಟವನು ಲೇತಿನವನು. ಅವನ ಬಾಯಿಗೆ ಸುಮ್ಮನಿರುವುದು ಒಗ್ಗುತ್ತಿರಲಿಲ್ಲ, ಒಳಗೆ ಹುಟ್ಟಿದ ಯೋಚನೆಯನ್ನು ಹಾಗೇ ಹೊರಗೆ ಬಿಟ್ಟ.

"ಅಲ್ರೀ, ಇವರಿಗೇ ಗೊತ್ತಿಲ್ಲದ್ದನ್ನ ಅಕ್ಕೋರಿಗೆ ಹೇಳಿಕೊಟ್ಟೋರು ಯಾರು?"

ಡಿಪೋದವನು ತಲೆ ಕೆರೆದುಕೊಂಡ. ಪರೀಕ್ಷಕರಿಗೆ ಹೊಟ್ಟೆ ಕುಣಿಯುವಂತೆ ನಗು ಬಂತು. ಎಷ್ಟೋ ಊರಿನಲ್ಲಿ ಪರೀಕ್ಷೆ ಮಾಡಿದ್ದೇನೆ, ಪ್ರಶ್ನೆ ಹಾಕಿದವನಿಗೇ ಗೊತ್ತಿರದ ಪ್ರಶ್ನೆಗೆ ಉತ್ತರ ಬರೆದವರನ್ನು ಇವತ್ತೇ ನೋಡಿದ್ದು ಎಂದು ಕಣ್ಣೊರೆಸಿಕೊಂಡು ಅಂಕ ಹಾಕಿದರು. ಕೆಡಿಸಪ್ಪನಿಗೂ ಮೇಷ್ಟ್ರಿಂದ ನಾಲ್ಕು ಮಾತು ಸಿಕ್ಕಿತು. ಮಾಡಿದ್ದುಣ್ಣೋ ಮಹರಾಯ ಎಂದು ಅವನು ತಲೆಬಾಗಿ ತೆಗೆದುಕೊಂಡ. ಆ ನಾಲ್ಕು ಮಾತು ಅಷ್ಟು ರುಚಿಯಾಗಿರುತ್ತದೆಂದು ಅವನು ಎಣಿಸಿರಲಿಲ್ಲ.

ಸುದ್ದಿಯನ್ನು ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಮುಟ್ಟಿಸಿದವನೂ ಲೇತಿನವನೇ. ಮೊದಲಿನ ಮಾತಿಗಿಂತ ಈ ಮಾತು ಇನ್ನೂ ಚೆನ್ನಾಗಿದ್ದುದರಿಂದ ಇನ್ನೂ ಬೇಗ ಓಡಿತು. ಗಂಡ ಹೆಂಡತಿ ಶಾಲೆಯಿಂದ ಹೊರಬೀಳುವಷ್ಟರಲ್ಲಿ ಅವಳ ತಮ್ಮ ಸೈಕಲ್ಲು ತುಳಿದುಕೊಂಡು ಗೇಟಿಗೆ ಬಂದಿದ್ದ. ಏದುಸಿರು ಬಿಡುತ್ತಾ, ಬೆಂಚಿಗೆ ಹೊಸ ಬಲ್ಬು ಹಾಕಿಸಿದ್ದೇನೆ ಅಕ್ಕಾ, ಸೋಮವಾರದಿಂದ ಬಾ ಎಂದಷ್ಟೇ ಹೇಳಿ, ಭಾವನ ಮುಖ ನೋಡಲು ನಾಚಿ ಹಾಗೇ ಹಿಂದಿರುಗಿದ.

ಇಬ್ಬರೂ ಮನೆಯ ದಾರಿ ಹಿಡಿದರು. ಅವನಿಗೆ ಕುಣಿಯುವಷ್ಟು ಸಂತೋಷವಾಗಿತ್ತು, ಅದರ ನಡುವೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಬೀದಿಯ ಅರ್ಧಕ್ಕೆ ಬಂದಾಗ ತಡೆಯಲಾರದೆ ಹೇಳಿಬಿಟ್ಟ.

"ನಾನು ಅಜ್ಜಿನ ಒಂದ್ಸಲ ಹಾಕಿ ನೋಡಬೇಕಿತ್ತು."

ಅವಳು ನಿಂತಳು. ಅವನ ಮುಖವನ್ನು ಚೆನ್ನಾಗಿ ನೋಡಿದಳು.

"ನೋಡಿದ್ದಿದ್ರೆ ಕೆಡಿಸಪ್ಪನ ಹೆಂಡ್ತಿ ಪಾಸಾಗ್ತಿದ್ಳು ರೀ," ಎಂದಳು. "ಇವತ್ತು ನಾನು ಪಾಸಾದೆ."

ಅವನು ಅವಳ ಕೈಯಲ್ಲಿದ್ದ ಸಾಮಾನಿನ ಚೀಲವನ್ನು ತಾನು ಇಸಿದುಕೊಂಡು ಅವಳ ಜೊತೆ ನಡೆದ.